ಜೋಡಿ ಎಕ್ಕ ಸೋತಾಗ

ಪೋಕರ್ ಜೂಜಲ್ಲ, ಕೌಶಲದ ಆಟ ಎನ್ನುವವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಜಗಳವಿರುವುದು ಉಳಿದರ್ಧದ ಬಗ್ಗೆ.

ಹಾಸ್ಟೆಲಿನಲ್ಲಿ ಹುಣಸೆಬೀಜ ಪಣವಿಟ್ಟು ಈ ಆಟ ಕಲಿತವನು ನಾನು. ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಮೊದಲು ಕೈಗೆ ಬರುವ ಎರಡೆಲೆಯೂ ಎಕ್ಕವಾದರೆ ಅದಕ್ಕಿಂತ ದೊಡ್ಡ ಆರಂಭವಿಲ್ಲ. ಸರಾಸರಿ 221 ಸಲಕ್ಕೊಮ್ಮೆ ಬರುವ ಭಾಗ್ಯ ಅದು. ಎದುರಾಳಿಯ ಕೈಯಲ್ಲಿ ಜೋಡಿ ರಾಜ ಇದ್ದರೂ ನೂರಕ್ಕೆ 80ಕ್ಕಿಂತ ತುಸು ಹೆಚ್ಚು ಸಲ ಗೆಲುವು ನಮ್ಮದೇ. 80 ಎಂದೇ ಹಿಡಿಯೋಣ. ಟೂರ್ನಮೆಂಟಿನಲ್ಲಿ ಇಂಥ ಐದು ಸಂದರ್ಭಗಳಲ್ಲಿ ಇದ್ದುದನ್ನೆಲ್ಲ ಪಣಕ್ಕಿಟ್ಟರೆ, ಐದನ್ನೂ ಗೆದ್ದು ಉಳಿಯುವ ಸಾಧ್ಯತೆ ಶೇಕಡ 33 ಅಷ್ಟೇ. ಒಂದೇ ಒಂದು ತಪ್ಪು ಮಾಡದೆಯೂ ಮೂವರಲ್ಲಿ ಇಬ್ಬರು ಎದ್ದು ಹೋಗುತ್ತಾರೆ.

2003ರ ವರ್ಲ್ಡ್ ಸಿರೀಸ್ ಆಫ್ ಪೋಕರ್ ನೋಡಿ. ಮುಖ್ಯ ಸ್ಪರ್ಧೆಗೆ ಕೂತವರು 839 ಜನ. ವೃತ್ತಿಪರ ಆಟಗಾರ ಫಿಲ್ ಐವಿಯ ಕೈಯಲ್ಲಿ ಜೋಡಿ ಒಂಬತ್ತು. ಅಕೌಂಟೆಂಟ್ ಕ್ರಿಸ್ ಮನಿಮೇಕರ್ ಕೈಯಲ್ಲಿ ಎಕ್ಕ, ರಾಣಿ. ಮೇಜಿನ ಮೇಲೆ ಎರಡು ರಾಣಿ ಬಿದ್ದಾಗ ಮನಿಮೇಕರ್ ಮುಂದೆ. ನಾಲ್ಕನೆಯ ಎಲೆ ಒಂಬತ್ತು. ಈಗ ಐವಿ ಮುಂದೆ. ಉಳಿದ 44 ಎಲೆಗಳಲ್ಲಿ ಮನಿಮೇಕರ್‌ನನ್ನು ಕಾಪಾಡಬಲ್ಲವು ಏಳೇ. ಕೊನೆಗೆ ಬಂದದ್ದು ಎಕ್ಕ! ಐವಿ ಹತ್ತನೆಯವನಾಗಿ ಎದ್ದ. ಮನಿಮೇಕರ್ 25 ಲಕ್ಷ ಡಾಲರ್ ಗೆದ್ದ. ‘ಯಾರು ಬೇಕಾದರೂ ಗೆಲ್ಲಬಹುದು’ ಎಂಬ ಪಾಠವನ್ನು ಲೋಕ ಕಲಿಯಿತು. ಗಟ್ಟಿ ಎಲೆ ಹಿಡಿದೂ ಎದ್ದುಹೋದವನ ಪಾಠ ಯಾರಿಗೂ ಬೇಕಾಗಲಿಲ್ಲ.

ಹಣವಿಟ್ಟಾಡುವ ಆನ್‌ಲೈನ್ ಆಟಗಳ ಮೇಲೆ ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬುದು ಅಲ್ಲಿನ ಮುಖ್ಯ ವಾದ. 2025ರಲ್ಲಿ ಸಂಸತ್ತು ಮತ್ತೊಂದು ನಿಷೇಧ ತಂದ ಮೇಲೂ ಅದೇ ವಾದ ನಡೆದಿದೆ. ಸಾವಿರಾರು ಆಟಗಳಲ್ಲಿ ಕೌಶಲ ಗೆಲ್ಲುತ್ತದೆ, ನಿಜ. ಅಷ್ಟು ಆಟ ಆಡುವ ದುಡ್ಡು ಯಾರ ಹತ್ತಿರವಿದೆ? ಮತ್ತೆ ಶುಲ್ಕ ಕಟ್ಟಬಲ್ಲವನಿಗೆ ಜೋಡಿ ಎಕ್ಕದ ಸೋಲು ಒಂದು ಸಂಜೆಯ ಬೇಸರ. ಸಾಲ ತಂದು ಕೂತವನಿಗೆ ಅಲ್ಲಿಗೇ ಮುಗಿಯಿತು.

ಇದು ಬರೀ ಇಸ್ಪೀಟಿನ ಮಾತಲ್ಲ. ಕಳೆದ ವರ್ಷ ಬೋಧಕ ಹುದ್ದೆಯ ಸಂದರ್ಶನಕ್ಕೆ ಹೋಗಿ ಬರಿಗೈಲಿ ಬಂದೆ. ‘ನಿನ್ನ ತಯಾರಿ ಸಾಲದು’ ಅಂದರು ಹಿತೈಷಿಗಳು. ಸಾಲದೆ ಇದ್ದಿರಬಹುದು, ಸಾಕಾಗಿಯೂ ಇದ್ದಿರಬಹುದು. ಒಂದು ಸೋಲಿನಿಂದ ಅದು ತಿಳಿಯುವುದಿಲ್ಲ. ನನ್ನ ಗೆಳೆಯನೊಬ್ಬ ಮೂರು ವರ್ಷ ಮನೆಯ ಹಣದಲ್ಲಿ ಕಾದು ಐದನೆಯ ಸಂದರ್ಶನದಲ್ಲಿ ಗೆದ್ದ. ಅವನು ಪ್ರತಿಭಾವಂತನೇ. ಆದರೆ ಅವನಿಗೆ ಐದು ಸಲ ಕೂರಲು ಕುರ್ಚಿಯಿತ್ತು. ನನ್ನ ಫೆಲೋಶಿಪ್ ಮಾರ್ಚಿಗೆ ಮುಗಿಯುತ್ತದೆ.

ಪ್ರತಿಭೆ, ಕೌಶಲ ಎಂದು ಭಾಷಣ ಮಾಡುವವರು ಮೊದಲು ಆ ಕುರ್ಚಿಗಳ ಲೆಕ್ಕ ಕೊಡಲಿ.