ಬೆಳ್ಳುಳ್ಳಿ ಬೆಣ್ಣೆಯ ರೊಟ್ಟಿ ಮತ್ತು ನಮ್ಮ ಜೋಳದ ಹೊಲ

ಪೇಟೆಯ ದೊಡ್ಡ ಹೋಟೆಲುಗಳಲ್ಲಿ ‘ಗಾರ್ಲಿಕ್ ಬಟರ್ ಕ್ರೋಸ್ಟಿನಿ’ ಎಂಬ ತಿಂಡಿ ಸಿಗುತ್ತದೆ. ಬ್ರೆಡ್ಡಿನ ತೆಳುವಾದ ಹೋಳುಗಳನ್ನು ಗರಿಗರಿಯಾಗುವಂತೆ ಸುಟ್ಟು, ಬೆಳ್ಳುಳ್ಳಿ ಜಜ್ಜಿ ಕಲಸಿದ ಬೆಣ್ಣೆಯನ್ನು ಸವರಿ ಕೊಡುತ್ತಾರೆ. ಪುಣೆ, ಹೈದರಾಬಾದುಗಳಲ್ಲಿ ಓದುವ ನಮ್ಮ ಮಕ್ಕಳು ರಜೆಗೆ ಬಂದಾಗ ಮನೆಯಲ್ಲೂ ಅದನ್ನೇ ಕೇಳುತ್ತಾರೆ. ತುರೋರಿಯ ತಾಯಂದಿರು ಮೈದಾ ಬ್ರೆಡ್ಡಿಗೆಂದು, ಪೊಟ್ಟಣದ ಬೆಣ್ಣೆಗೆಂದು ಉಮರಗಾಕ್ಕೆ ಯಾರನ್ನಾದರೂ ಓಡಿಸುತ್ತಾರೆ. ಓಡಿಸುವ ಅಗತ್ಯವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಕ್ರೋಸ್ಟಿನಿ ಎಂಬುದು ಇಟಲಿಯ ಮಾತು. ಸಣ್ಣ ಗಟ್ಟಿ ತುಣುಕುಗಳು ಎಂದಷ್ಟೇ ಅದರ ಅರ್ಥ. ಅಲ್ಲಿನ ಬಡ ರೈತರು ಒಣಗಿದ ಬ್ರೆಡ್ಡನ್ನು ಎಸೆಯಲು ಮನಸ್ಸಾಗದೆ ಬೆಂಕಿಗೆ ಹಿಡಿದು, ಬೆಳ್ಳುಳ್ಳಿ ತಿಕ್ಕಿ ತಿನ್ನುತ್ತಿದ್ದರು. ನಿನ್ನೆಯ ಕಡಕ್ ರೊಟ್ಟಿಗೆ ಬೆಣ್ಣೆ, ಬೆಳ್ಳುಳ್ಳಿ ಖಾರ ಹಚ್ಚಿ ತಿಂದ ನಮ್ಮ ಅಜ್ಜಿಯರಿಗೆ ಇದರಲ್ಲಿ ಹೊಸದೇನಿದೆ? ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯವನ್ನು ನೆನೆಯಿರಿ. ಆ ಹುಡುಗನ ಬಳಿ ಇದ್ದದ್ದು ಜವೆಗೋದಿಯ ಐದು ರೊಟ್ಟಿ, ಅಂದಿನ ಬಡವರ ರೊಟ್ಟಿ. ಐದು ಸಾವಿರ ಜನ ಉಂಡ ಮೇಲೆ ಯೇಸುಸ್ವಾಮಿ ಉಳಿದ ತುಣುಕುಗಳನ್ನೂ ಕೂಡಿಸಲು ಹೇಳಿದರು. ಹನ್ನೆರಡು ಬುಟ್ಟಿ ತುಂಬಿದವು. ಜೋಳದ ರೊಟ್ಟಿಯೆಂದರೆ ಮುಖ ಸಿಂಡರಿಸುವವರು ಇದನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

ಮಾಡುವ ಕ್ರಮ ಸುಲಭ. ರಾತ್ರಿ ಉಳಿದ ತೆಳ್ಳನೆಯ ಜೋಳದ ರೊಟ್ಟಿಯನ್ನು ಸಣ್ಣ ಉರಿಯ ಹಂಚಿನ ಮೇಲೆ ಬಟ್ಟೆಯಿಂದ ಒತ್ತುತ್ತಾ, ತೇವ ಹೋಗುವವರೆಗೆ ಒಣಗಿಸಿ, ಅಂಗೈಯಗಲ ಮುರಿದುಕೊಳ್ಳಿ. ಕಡಕ್ ರೊಟ್ಟಿಯಿದ್ದರೆ ಈ ಕೆಲಸವೂ ಇಲ್ಲ. ಐದಾರು ಎಸಳು ಬೆಳ್ಳುಳ್ಳಿಯನ್ನು ಚಿಟಿಕೆ ಉಪ್ಪಿನೊಡನೆ ಕಲ್ಲಿನಲ್ಲಿ ಜಜ್ಜಿ ಹತ್ತು ನಿಮಿಷ ಬಿಡಿ. ಬೆಳ್ಳುಳ್ಳಿಯ ಘಾಟಿಗೆ ಕಾರಣವಾದ ಅಲಿಸಿನ್ ಎಂಬ ಗಂಧಕದ ಅಂಶ ಇಡೀ ಎಸಳಿನಲ್ಲಿ ಇರುವುದಿಲ್ಲ, ಜಜ್ಜಿದ ಮೇಲೆಯೇ ಉಂಟಾಗುತ್ತದೆ. ಬಳಿಕ ನಾಲ್ಕು ಚಮಚ ಮನೆಯ ಬೆಣ್ಣೆ ಮತ್ತು ಹೆಚ್ಚಿದ ಕೊತ್ತಂಬರಿ ಸೇರಿಸಿ. ಪಕ್ಕದ ಲಾತೂರು ಜಿಲ್ಲೆಯ ಕಾಸ್ತಿ ಕೊತ್ತಂಬರಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅದು ಸಿಕ್ಕರೆ ಇನ್ನೂ ಚೆನ್ನ. ರೊಟ್ಟಿಯ ಚೂರುಗಳಿಗೆ ತೆಳ್ಳಗೆ ಸವರಿ, ಬೆಣ್ಣೆಯ ಮಗ್ಗುಲು ಮೇಲಾಗಿ ಒಂದೆರಡು ನಿಮಿಷ ಹಂಚಿನ ಮೇಲಿಡಿ. ಬೆಳ್ಳುಳ್ಳಿ ಸೀದರೆ ಕಹಿಯಾಗುತ್ತದೆ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕಾಗಿದೆ. ಹಸಿ ಬೆಳ್ಳುಳ್ಳಿ ಕಲಸಿದ ಬೆಣ್ಣೆಯನ್ನಾಗಲಿ, ಎಣ್ಣೆಯಲ್ಲಿ ಮುಳುಗಿಸಿದ ಬೆಳ್ಳುಳ್ಳಿಯನ್ನಾಗಲಿ ದಿನಗಟ್ಟಲೆ ಹೊರಗಿಡಬಾರದು. ಮಣ್ಣಿನಿಂದ ಅಂಟಿಬಂದ ಬೊಟುಲಿನಂ ಎಂಬ ರೋಗಾಣು ಗಾಳಿಯಾಡದ ಆ ಜಿಡ್ಡಿನೊಳಗೆ ಬೆಳೆದು, ನರಗಳನ್ನು ಹಿಡಿಯುವ ವಿಷವನ್ನು ಹುಟ್ಟಿಸಬಲ್ಲದು. ಮೂಸಿ ನೋಡಿದರೆ ಅದು ಗೊತ್ತಾಗುವಂತಿಲ್ಲ. ಆ ಹೊತ್ತಿಗೆ ಬೇಕಾದಷ್ಟನ್ನೇ ಕಲಸಿರಿ. ಇನ್ನು ಬೆಳ್ಳುಳ್ಳಿ ತಿನ್ನುತ್ತೇವೆಂದು ರಕ್ತದೊತ್ತಡದ ಮಾತ್ರೆಯನ್ನು ಯಾರೂ ಬಿಡಬಾರದು. ಸಕ್ಕರೆ ಕಾಯಿಲೆಯವರಿಗೆ ಮೈದಾಕ್ಕಿಂತ ನಾರಿನಂಶವುಳ್ಳ ಜೋಳ ಮೇಲು. ಆದರೆ ಅದೂ ಅಳತೆಯಲ್ಲಿ, ಬೆಣ್ಣೆಯಂತೂ ಇನ್ನೂ ಕಡಿಮೆ ಅಳತೆಯಲ್ಲಿ.

ಪ್ರಿಯರೇ, ಈ ತಿಂಡಿಯ ಮಾತನ್ನು ನಾವು ಎತ್ತಿದ್ದು ನಾಲಿಗೆಯ ಚಪಲಕ್ಕಲ್ಲ. ಜೋಳ, ಬೆಣ್ಣೆ, ಬೆಳ್ಳುಳ್ಳಿ ಮೂರೂ ಒಂದೇ ಹೊಲಮನೆಯಿಂದ ಬರುತ್ತಿದ್ದ ಕಾಲವಿತ್ತು. ಉಮರಗಾ, ನಿಲಂಗಾ, ಉದಗೀರಗಳ ಕರಿ ಭೂಮಿಯಲ್ಲಿ ಈಗ ಮುಂಗಾರಿಗೆ ಸೋಯಾಬೀನ್, ಹಿಂಗಾರಿಗೆ ಕಡಲೆ ಎಂಬುದೇ ರೂಢಿಯಾಗುತ್ತಿದೆ. ರೈತರನ್ನು ದೂರುವುದು ನ್ಯಾಯವಲ್ಲ. ಜೋಳ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೂ ಕೊಟ್ಟ ಕೂಲಿ ಗಿಟ್ಟುವುದಿಲ್ಲ. ಹಕ್ಕಿ, ಹಂದಿಗಳ ಕಾಟ ಬೇರೆ. ಸೋಯಾಬೀನಾದರೋ ನೂರು ದಿನದ ಬೆಳೆ, ರಾಶಿಗೆ ಯಂತ್ರವಿದೆ. ಆದರೆ 2024ರಲ್ಲಿ ಏನಾಯಿತು? ಸೋಯಾಬೀನಿಗೆ ಸರ್ಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ. ಬಹಳ ಜನ ರೈತರು ಅಡತಿಯಲ್ಲಿ ಅದಕ್ಕಿಂತ ಕಡಿಮೆಗೇ ಮಾರಿ ಬಂದರು. ಅದೇ ವರ್ಷದ ಕೊನೆಗೆ ಪೇಟೆಯಲ್ಲಿ ಬೆಳ್ಳುಳ್ಳಿ ಕಿಲೋಗೆ 400 ರೂಪಾಯಿ ಮುಟ್ಟಿತು. ಒಂದು ಕ್ವಿಂಟಲ್ ಸೋಯಾಬೀನಿಗೆ ಹನ್ನೆರಡು ಕಿಲೋ ಬೆಳ್ಳುಳ್ಳಿ ಬರುವುದೂ ಕಷ್ಟವಾಯಿತು!

ಜೋಳ ಹೋದರೆ ಕಾಳು ಮಾತ್ರ ಹೋಗುವುದಿಲ್ಲ, ಕಣಿಕೆಯೂ ಹೋಗುತ್ತದೆ. ಸೋಯಾಬೀನಿನ ಹೊಟ್ಟು ಕಣಿಕೆಗೆ ಸಮನಲ್ಲ. ಕಣಿಕೆಯ ಬಣಿವೆಯಿಲ್ಲದ ಮನೆಯಲ್ಲಿ ಎಮ್ಮೆ ನಿಲ್ಲುವುದಿಲ್ಲ. ಎಮ್ಮೆ ಮಾರಿದ ಮನೆಗೆ ಬೆಣ್ಣೆ ಪೊಟ್ಟಣದಲ್ಲಿ ಬರುತ್ತದೆ, ಗೊಬ್ಬರ ಚೀಲದಲ್ಲಿ ಬರುತ್ತದೆ, ಎರಡಕ್ಕೂ ರೊಕ್ಕ ಎಣಿಸಬೇಕು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕಟ್ಟುವ ಕಣಿಕೆಯ ಗುಡಿಸಲಿಗೂ ನೆರೆಯ ರೈತರು ಕಣಿಕೆ ಬೇಡಿ ತರುವುದನ್ನು ನಾವು ನೋಡುತ್ತಿದ್ದೇವೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು, ಭಾಷಣಗಳು ಬಹಳವಾದವು.

ಇಡೀ ಹೊಲಕ್ಕೆ ಜೋಳ ಬಿತ್ತಿ ಎಂದು ನಾವು ಹೇಳುತ್ತಿಲ್ಲ. ಮನೆಗೂ ದನಕ್ಕೂ ಆಗುವಷ್ಟು, ಅರ್ಧ ಎಕರೆಯೋ ಒಂದು ಎಕರೆಯೋ ಬಿಡಿ. ನಮ್ಮ ಎರೆಭೂಮಿಗೆ ಒಗ್ಗಿದ ಮಾಲದಂಡಿ ಇದೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ ಬಿತ್ತಿದರೆ ನೆಲದ ಹಸಿಯಲ್ಲೇ ಬೆಳೆದು ನಿಲ್ಲುತ್ತದೆ. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯವರು ಇದೇ ಜೋಳಕ್ಕೆ ಹೆಸರು ಗಳಿಸಿ, 2016ರಲ್ಲಿ ಭೌಗೋಳಿಕ ಸೂಚಕವನ್ನೂ ಪಡೆದರು. ಬಾವಿಯ ನೀರಿದ್ದವರು ಅಕ್ಟೋಬರ್-ನವೆಂಬರಿನಲ್ಲಿ ಎರಡು ಮಡಿ ಬೆಳ್ಳುಳ್ಳಿ ಊರಿದರೆ ಬೇಸಿಗೆಯ ಹೊತ್ತಿಗೆ ಗೊಂಚಲು ಕಟ್ಟಿ ತೂಗುಹಾಕಬಹುದು.

ಉಳಿದದ್ದು ಆಳಿನ ಪ್ರಶ್ನೆ. ಕೂಲಿಯ ಜೋಳ ಗಿಟ್ಟದಿರಬಹುದು, ಮುಯ್ಯಾಳಿನ ಜೋಳ ಗಿಟ್ಟೀತು. ನಾಲ್ಕು ಮನೆಯವರು ಕೂಡಿ ಒಬ್ಬರ ಹೊಲದಲ್ಲಿ ಒಂದು ದಿನ, ಇನ್ನೊಬ್ಬರಲ್ಲಿ ಮರುದಿನ ಎಂದು ಕಿತ್ತರೆ ಅರ್ಧ ಎಕರೆ ದೊಡ್ಡ ಮಾತಲ್ಲ. ಒಪ್ಪುವವರು ಭಾನುವಾರದ ಪೂಜೆಯ ನಂತರ ಹೆಸರು ಕೊಡಿ. ಸುಗ್ಗಿಯ ಸರದಿಯನ್ನು ಗುರುಮನೆಯಲ್ಲೇ ಬರೆದಿಡೋಣ.