ಒಂದೇ ಮನೆ, ಎರಡು ಒಲೆ
ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ರೂಪಿಸಿದ ಅಂಗೈಯಗಲದ ಕಂಪ್ಯೂಟರ್ ‘ಸಿಂಪ್ಯೂಟರ್’ನಲ್ಲಿದ್ದದ್ದು ಸ್ಟ್ರಾಂಗ್‌ಆರ್ಮ್ ಚಿಪ್, ಅದರ ಮೇಲೆ ಲಿನಕ್ಸ್. ಮೇಜಿನ ಮೇಲಿನ ಇಂಟೆಲ್ ಪಿಸಿಗೆಂದು ಕಟ್ಟಿದ ತಂತ್ರಾಂಶ ಅದರಲ್ಲಿ ಮಿಸುಕಾಡದು. ಎರಡು ಚಿಪ್‌ಗಳಿಗೆ ಅರ್ಥವಾಗುವ ಭಾಷೆಯೇ ಬೇರೆ ಬೇರೆ. ಒಂದೇ ಯಂತ್ರದಲ್ಲಿ ಎರಡು ಬಗೆಯ ಚಿಪ್‌ಗಳಿಗೆ ಕಟ್ಟಿದ ತಂತ್ರಾಂಶದ ಪ್ಯಾಕೇಜು ಇಡುವುದಂತೂ ಇನ್ನೂ ಪೇಚಾಗಿತ್ತು: 32 ಬಿಟ್ ಲೈಬ್ರರಿಗೂ 64 ಬಿಟ್ ಲೈಬ್ರರಿಗೂ ಅದೇ ಹೆಸರು, ಅದೇ ಜಾಗ. 2013ರ ಮೇ ತಿಂಗಳಲ್ಲಿ ಬಂದ ಲಿನಕ್ಸ್ ವಿತರಣೆ ಡೆಬಿಯನ್ 7, ‘ಮಲ್ಟಿಆರ್ಚ್’ ತಂದು ಈ ಜಗಳ ಬಿಡಿಸಿತು. ಪ್ರತಿ ಪ್ರೊಸೆಸರ್ ಬಗೆಗೂ ಅದರದೇ ಹೆಸರಿನ ಫೋಲ್ಡರ್. ಡೆಬಿಯನ್‌ನ ಪ್ಯಾಕೇಜು ನಿರ್ವಾಹಕ ‘ಡಿಪಿಕೆಜಿ’ಗೆ ಒಂದು ಸಾಲಿನ ಆದೇಶ ಕೊಟ್ಟು 32 ಬಿಟ್ ಪಿಸಿಗಳ ಬಗೆಯಾದ ‘ಐ386’ ಸೇರಿಸಿದರೆ, ಹೊಸ 64 ಬಿಟ್ ಯಂತ್ರದಲ್ಲೂ ವೈನ್ ಎಂಬ ತಂತ್ರಾಂಶದ ಮೂಲಕ ಎಷ್ಟೋ ಹಳೆಯ ವಿಂಡೋಸ್ ತಂತ್ರಾಂಶಗಳು ತೆರೆದುಕೊಳ್ಳುತ್ತವೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ರಿಸ್ಕ್-ವಿ ಚಿಪ್‌ಗಳನ್ನು ಅಧಿಕೃತವಾಗಿ ಒಳಗೆ ಕರೆದುಕೊಂಡಿತು. ‘ಐ386’ಗೆ ಇನ್‌ಸ್ಟಾಲರ್ ನಿಲ್ಲಿಸಿ, 64 ಬಿಟ್ ಮನೆಯ ಅತಿಥಿಯಾಗಿ ಮಾತ್ರ ಉಳಿಸಿಕೊಂಡಿತು.