ಪಣಕ್ಕಿಡುವುದು ಪೇಟೆಯ ಗಂಟೋ, ಮನೆಯ ಸೂರೋ?

ಹುಬ್ಬಳ್ಳಿಯ ಪೇಟೆಯಲ್ಲಿ ಸಾಹಸದ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ವಿಜಯ ಸಂಕೇಶ್ವರ ಅವರ ಹೆಸರು. ಗದುಗಿನಲ್ಲಿ ಮನೆತನದ ಮುದ್ರಣ ಹಾಗೂ ಪ್ರಕಾಶನ ವ್ಯವಹಾರವಿದ್ದರೂ ಅವರು 1976ರಲ್ಲಿ ಒಂದೇ ಲಾರಿಯೊಡನೆ ಸರಕು ಸಾಗಾಣಿಕೆಗೆ ಇಳಿದರು. ಮುಂದೆ ಹುಬ್ಬಳ್ಳಿಯನ್ನೇ ಕೇಂದ್ರವಾಗಿಸಿಕೊಂಡರು. 1983ರಲ್ಲಿ ಕಂಪನಿಯಾಗಿ ನೋಂದಣಿಗೊಂಡ ಸಂಸ್ಥೆ 2015ರಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು. 2022ರಲ್ಲಿ ಅವರ ಜೀವನವು ಚಲನಚಿತ್ರವೂ ಆಯಿತು. ಈ ಸಾಧನೆ ಮೆಚ್ಚತಕ್ಕದ್ದೇ. ಆದರೆ ಲಾರಿ ಕೊಂಡು, ಕಂತು ತುಂಬಲಾಗದೆ ಕೈಚೆಲ್ಲಿದವರ ಬಗ್ಗೆ ಯಾರೂ ಚಿತ್ರ ತೆಗೆಯುವುದಿಲ್ಲ. ಗೆದ್ದವರನ್ನಷ್ಟೇ ಎಣಿಸಿ ಸಾಹಸದ ಲಾಭವನ್ನು ಲೆಕ್ಕಹಾಕುವುದೆಂದರೆ ಜಮೆಯ ಬದಿಯನ್ನು ಮಾತ್ರ ಓದಿ ಖಾತೆ ಮುಚ್ಚಿದಂತೆ.

ಇದಕ್ಕೆ ಎದುರಾದ ಮಾದರಿ ಧಾರವಾಡದಲ್ಲಿಯೇ ಇದೆ. ಉತ್ತರ ಪ್ರದೇಶದ ಉನ್ನಾವದಿಂದ ಬಂದು ನೆಲೆಸಿದ ಠಾಕೂರ ಮನೆತನದ ಪೇಡೆಯ ಅಂಗಡಿ ಲೈನ್ ಬಜಾರಿನಲ್ಲಿ ತಲೆಮಾರುಗಳ ಕಾಲ ಚಿಕ್ಕದಾಗಿಯೇ ನಡೆಯಿತು. ಗಿರಾಕಿಗಳು ಸಾಲಿನಲ್ಲಿ ನಿಂತರು, ಅಂಗಡಿ ಹಿಗ್ಗಲಿಲ್ಲ. ಅದೇ ಪೇಡೆಯನ್ನು ಊರೂರಿಗೆ ಒಯ್ದು ಮಾರುಕಟ್ಟೆ ಬೆಳೆಸಿದವರು ಮಿಶ್ರಾ ಮನೆತನದವರು. ಒಬ್ಬರನ್ನು ಅಂಜುಬುರುಕರೆಂದೂ ಮತ್ತೊಬ್ಬರನ್ನು ಧೈರ್ಯವಂತರೆಂದೂ ಕರೆಯುವುದು ಸುಲಭ. ಆದರೆ ಎರಡೂ ಹೆಸರು ಉಳಿದಿವೆ.

ಹೀಗಿರುವಾಗ ಉದ್ಯಮಿಯ ಮುಂದಿರುವ ನಿಜವಾದ ಪ್ರಶ್ನೆ ಧೈರ್ಯದ್ದಲ್ಲ, ಪಣದ್ದು. ಸೋತರೆ ಹೋಗುವುದು ವ್ಯಾಪಾರಕ್ಕೆಂದು ತೆಗೆದಿರಿಸಿದ ಗಂಟು ಮಾತ್ರವೋ, ಮಕ್ಕಳು ಮಲಗುವ ಮನೆಯೋ? ಸಣ್ಣ ಉದ್ದಿಮೆಗಳಲ್ಲಿ ಈ ಎರಡರ ನಡುವೆ ಗೋಡೆಯೇ ಇರುವುದಿಲ್ಲ. ಏಕಮಾಲಿಕತ್ವದಲ್ಲಿ ಅಂಗಡಿಯ ಸಾಲ ಮಾಲೀಕನದೇ ಸಾಲ. 1932ರ ಪಾಲುದಾರಿಕೆ ಕಾಯಿದೆಯಂತೆ ಸಂಸ್ಥೆಯ ಪೂರ್ತಿ ಋಣಕ್ಕೆ ಪ್ರತಿಯೊಬ್ಬ ಪಾಲುದಾರನೂ ಹೊಣೆ. ಎರಡಾಣೆ ಪಾಲಿನವನಿಂದಲೂ ಹದಿನಾರಾಣೆ ವಸೂಲಿ ಮಾಡಬಹುದು. ಈ ಭಾರವನ್ನು ಇಳಿಸಲೆಂದೇ 2008ರಲ್ಲಿ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಕಾಯಿದೆ ಬಂದಿತು. 2013ರ ಕಂಪನಿ ಕಾಯಿದೆಯು ಒಬ್ಬನೇ ವ್ಯಕ್ತಿಯ ಕಂಪನಿಗೂ ಅವಕಾಶ ನೀಡಿತು.

ಕಾಗದದ ಮೇಲೆ ಗೋಡೆ ಎದ್ದಿತು, ನಿಜ. ಅದನ್ನು ಕೆಡವುವುದು ಬ್ಯಾಂಕಿನ ಮೇಜಿನ ಮೇಲಿನ ವೈಯಕ್ತಿಕ ಜಾಮೀನು ಪತ್ರ. ಕಂಪನಿಯ ಹೊಣೆ ಸೀಮಿತವಾಗಿದ್ದರೂ ಸಹಿ ಹಾಕಿದ ನಿರ್ದೇಶಕನ ಹೊಣೆ ಹಾಗಲ್ಲ. ಕರಾರು ಕಾಯಿದೆಯ 128ನೆಯ ಕಲಮಿನಂತೆ, ಪತ್ರದಲ್ಲಿ ಬೇರೆ ಮಿತಿ ಹೇಳದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ. ಮನೆಯನ್ನು ಅಡವಿಟ್ಟಿದ್ದು ಸಾಲ ವಸೂಲಾಗದ ಖಾತೆಗೆ ಸೇರಿತೆಂದರೆ, 2002ರ ಸರ್ಫೇಸಿ ಕಾಯಿದೆಯಡಿ 60 ದಿನಗಳ ನೋಟೀಸು ನೀಡಿ, ದಾವೆ ಹೂಡದೆಯೇ ಬ್ಯಾಂಕು ಸ್ವಾಧೀನಕ್ಕೆ ಮುಂದಾಗಬಹುದು. ಕೃಷಿಭೂಮಿಗೆ ಇದರಿಂದ ವಿನಾಯಿತಿಯಿದೆ, ಪಟ್ಟಣದ ಮನೆಗಿಲ್ಲ. ಎಷ್ಟೋ ಮನೆಗಳಲ್ಲಿ ಮಡದಿಯೂ ಈ ಪತ್ರಕ್ಕೆ ಸಹಿ ಮಾಡಿರುತ್ತಾಳೆ, ಅದರಲ್ಲಿ ಏನಿದೆಯೆಂದು ಯಾರೂ ಆಕೆಗೆ ಓದಿ ಹೇಳಿರುವುದಿಲ್ಲ. ಇದನ್ನು ಸಾಹಸವೆನ್ನುವುದು ಹೇಗೆ? ಪಣವಿಟ್ಟವರು ಒಬ್ಬರು, ಪಣವಾದವರು ಇನ್ನೊಬ್ಬರು.

ಅಡವಿಲ್ಲದ ದಾರಿ ಇಲ್ಲವೆಂದಲ್ಲ. ಕೇಂದ್ರ ಸರಕಾರ ಮತ್ತು ಸಿಡ್ಬಿ ಸೇರಿ 2000ದಲ್ಲಿ ಸ್ಥಾಪಿಸಿದ ಸಾಲ ಖಾತರಿ ನಿಧಿಯು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳ ಸಾಲಕ್ಕೆ ಖಾತರಿ ನೀಡುತ್ತದೆ. ಅದರ ಮಿತಿಯನ್ನು 2025ರಲ್ಲಿ 10 ಕೋಟಿ ರೂಪಾಯಿಗೆ ಏರಿಸಲಾಯಿತು. ಅದಕ್ಕೆ ಶುಲ್ಕವಿದೆ, ಸಾಲ ತೀರಿಸುವ ಹೊಣೆಯೂ ತಪ್ಪುವುದಿಲ್ಲ. ಆದರೂ ಮನೆಯ ಕಾಗದಪತ್ರ ಕಪಾಟಿನಲ್ಲಿಯೇ ಉಳಿಯುವುದಾದರೆ ಆ ಶುಲ್ಕ ದುಬಾರಿಯಲ್ಲ. ತಾರಿಹಾಳದಲ್ಲಿ ಯಂತ್ರ ಹೂಡಲು ಹೊರಟವರು ಈ ಯೋಜನೆಯನ್ನು ತಾವಾಗಿಯೇ ಕೇಳಬೇಕು. ಅಡವು ಕೈಯಲ್ಲಿರುವಾಗ ಬ್ಯಾಂಕು ತಾನಾಗಿ ನೆನಪಿಸುವ ಸಂಭವ ಕಡಿಮೆ.

ಪಾಲುದಾರಿಕೆಯಿಂದ ಹೊರಬರುವವರಿಗೆ ಇನ್ನೊಂದು ಎಚ್ಚರ ಅಗತ್ಯ. ನಿವೃತ್ತಿ ಪತ್ರ ಬರೆದ ಮಾತ್ರಕ್ಕೆ ಹಳೆಯ ಜಾಮೀನು ರದ್ದಾಗದು. ಮುಂದಿನ ವ್ಯವಹಾರದ ಹೊಣೆ ತಪ್ಪಬೇಕಾದರೆ ಬ್ಯಾಂಕಿಗೆ ಲಿಖಿತ ನೋಟೀಸು ಕೊಡಬೇಕು. ಅಂದಿನವರೆಗಿನ ಬಾಕಿಗೆ ಬಿಡುಗಡೆ ಪತ್ರವನ್ನು ಬೇರೆಯಾಗಿಯೇ ಪಡೆಯಬೇಕು.